ಎರಡು ಕಾಲಮ್ಮಿನ ಹಬ್ಬ

ಹಾಜರಿ ಪುಸ್ತಕದಲ್ಲಿ ಹಬ್ಬದ ಹೆಸರನ್ನು ಮೇಲಿನಿಂದ ಕೆಳಕ್ಕೆ ಬರೆಯುವುದು ವಾಡಿಕೆ. ಎಡಗಡೆ ಕೆಲಸಗಾರರ ಹೆಸರುಗಳ ಸಾಲು, ಬಲಗಡೆ ತಿಂಗಳ ಮೂವತ್ತೊಂದು ದಿನಕ್ಕೆ ಮೂವತ್ತೊಂದು ಕಾಲಂ. ಹಬ್ಬದ ದಿನ ಯಾರ ಹೆಸರಿನ ಮುಂದೆಯೂ ಗುರುತು ಹಾಕುವುದಿಲ್ಲ, ಹಾಗಾಗಿ ಆ ದಿನದ ಕಾಲಂ ಉದ್ದಕ್ಕೂ ಖಾಲಿ ಉಳಿಯುತ್ತದೆ. ಆ ಖಾಲಿಯಲ್ಲಿ ಒಂದು ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಇಳಿಸುತ್ತಾ ಬರಬೇಕು. ಪುಟದ ತಲೆಯಲ್ಲಿ ಸಂಕ್ರಾಂತಿಯ ‘ಸಂ’ ಬರೆದರೆ ಪುಟದ ಬುಡಕ್ಕೆ ಬರುವ ಹೊತ್ತಿಗೆ ‘ತಿ’ ಮುಗಿದಿರಬೇಕು, ನಡುವೆ ಅಂತರ ಒಂದೇ ಸಮ ಇರಬೇಕು. ಪೀಣ್ಯ ಎರಡನೇ ಹಂತದಲ್ಲಿ ತಗಡು ಕತ್ತರಿಸುವ ಒಂದು ಪ್ರೆಸ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿದ ಮೊದಲ ವಾರವೇ ನನಗೆ ಕಲಿಸಿದ ವಿದ್ಯೆ ಇದು.

ಕಲಿಸಿದವರು ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಹಿರಿಯರು. ನಿವೃತ್ತರಾಗುವ ಮುನ್ನ ಒಂದು ತಿಂಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಎಲ್ಲ ಹಬ್ಬಕ್ಕೂ ಒಂದೊಂದು ಕಾಲಂ ಸಾಕು, ಆದರೆ ಆಯುಧ ಪೂಜೆಗೆ ಎರಡು ಬಿಡಬೇಕು ಎಂದಿದ್ದರು. ಮೊದಲ ಕಾಲಮ್ಮಿನಲ್ಲಿ ‘ಆಯುಧ’, ಪಕ್ಕದ ಕಾಲಮ್ಮಿನಲ್ಲಿ ‘ಪೂಜೆ’. ಯಾಕೆ ಎಂದು ಕೇಳಿದ್ದಕ್ಕೆ, “ಮೊದಲ್ನೇ ದಿನ ತೊಳೆಯೋದು, ಎರಡ್ನೇ ದಿನ ಪೂಜೆ. ಎರಡೂ ಸೇರಿ ಒಂದು ಹಬ್ಬ ಕಣಮ್ಮ,” ಎಂದರು. ನಾನು ಹಾಗೆಯೇ ಬರೆಯುತ್ತಾ ಬಂದೆ.

ಆ ತೊಳೆಯುವ ದಿನ ನೋಡುವಂತಿರುತ್ತಿತ್ತು. ನಮ್ಮಲ್ಲಿ ಹದಿನೆಂಟು ಪವರ್ ಪ್ರೆಸ್‌ಗಳಿದ್ದವು. ತಗಡಿನ ಪಟ್ಟಿಯನ್ನು ಅಚ್ಚಿನ ಮೇಲಿಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನಿಂದ ಟನ್ನುಗಟ್ಟಲೆ ಭಾರ ಇಳಿದು ಒಂದು ಬಿಲ್ಲೆಯನ್ನೋ ಬಿರಡೆಯನ್ನೋ ಕತ್ತರಿಸಿ ಹಾಕುತ್ತಿತ್ತು. ವರ್ಷವಿಡೀ ಧಡಧಡ ಎನ್ನುವ ಅವು ಆ ಒಂದು ದಿನ ಸುಮ್ಮನಾಗುತ್ತಿದ್ದವು. ಮೇನ್ ಸ್ವಿಚ್ ಇಳಿಸಿ, ಬೆಲ್ಟ್ ಬಿಚ್ಚಿ, ಮುಚ್ಚಳ ತೆಗೆದು, ಒಳಗಿನ ಸ್ಪ್ರಿಂಗು ಬೋಲ್ಟುಗಳನ್ನೆಲ್ಲ ತಟ್ಟೆಯಲ್ಲಿ ಸೀಮೆಎಣ್ಣೆಗೆ ಹಾಕಿ ಉಜ್ಜುತ್ತಿದ್ದರು. ಹುಷಾರಿಲ್ಲದವರೂ ಅವತ್ತು ಬರುತ್ತಿದ್ದರು. ಮನೆಯಿಂದ ಹಳೆ ಸೀರೆ ತುಂಡು, ಹಲ್ಲುಜ್ಜುವ ಬ್ರಷ್ಷು ಎಲ್ಲ ತರುತ್ತಿದ್ದರು. ಮಧ್ಯಾಹ್ನ ಚಿತ್ರಾನ್ನ, ಸಂಜೆಗೆ ಮತ್ತೆ ಜೋಡಿಸಿ ಎಣ್ಣೆ ಬಿಟ್ಟು ಒಂದೊಂದು ಸಲ ಓಡಿಸಿ ನಿಲ್ಲಿಸುವುದು. ಮರುದಿನ ಬೆಳಿಗ್ಗೆ ಅರಿಶಿನ ಕುಂಕುಮ, ಬಾಳೆಕಂದು, ಬೂದುಗುಂಬಳ, ಪುರಿ ಕಡಲೆ. ಹನ್ನೆರಡಕ್ಕೆ ಎಲ್ಲರೂ ಮನೆಗೆ.

ಈ ತೊಳೆಯುವ ಕೆಲಸದ ಯಜಮಾನಿಕೆ ಟೂಲ್‌ರೂಮಿನ ಹಿರಿಯ ಫಿಟ್ಟರ್ ಒಬ್ಬರದು. ಜಾಲಹಳ್ಳಿ ಕಡೆಯವರು, ಕ್ರೈಸ್ತರು. ಪೂಜೆಯ ದಿನ ಮಂಗಳಾರತಿಗೆ ಅವರು ಸ್ವಲ್ಪ ದೂರ ನಿಂತು ಕೈಕಟ್ಟಿಕೊಳ್ಳುತ್ತಿದ್ದರು. ಆದರೆ ಹಿಂದಿನ ದಿನ ಮಾತ್ರ ಅವರನ್ನು ಬಿಟ್ಟು ಒಂದು ಬೋಲ್ಟನ್ನೂ ಯಾರೂ ಮುಟ್ಟುವಂತಿರಲಿಲ್ಲ. ಒಂದೊಂದು ಸ್ಪ್ರಿಂಗನ್ನೂ ಬೆಳಕಿಗೆ ಹಿಡಿದು, ಉಗುರಲ್ಲಿ ಮೀಟಿ, ಕಿವಿಯ ಹತ್ತಿರ ತಂದು ನೋಡುತ್ತಿದ್ದರು. ಅನುಮಾನ ಬಂದರೆ ಬಿಸಾಕಿ ಹೊಸದು ಹಾಕುತ್ತಿದ್ದರು.

ನನ್ನ ಸ್ವಭಾವವನ್ನೂ ಇಲ್ಲಿ ಹೇಳಿಬಿಡಬೇಕು. ಹಬ್ಬದ ಹೆಸರನ್ನು ಯಾರಾದರೂ ಮೊಟಕು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮಪ್ಪ ಕ್ಯಾಲೆಂಡರಿನಲ್ಲಿ ‘ವೈ. ಏಕಾದಶಿ’ ಎಂದು ಅಚ್ಚಾಗಿದ್ದರೆ ಪೆನ್ನು ತೆಗೆದುಕೊಂಡು ‘ಕುಂಠ’ ಸೇರಿಸುವ ಪೈಕಿ. ನಾನು ಅವರ ಮಗಳು. ಊಟಕ್ಕೆ ಇಲ್ಲದ ಬಡತನ ದೇವರ ಹೆಸರಿನ ಎರಡು ಅಕ್ಷರಕ್ಕೆ ಮಾತ್ರ ಯಾಕೆ ಎಂದು ವಾದ ಮಾಡುತ್ತಿದ್ದೆ. ನೋಟಿಸ್ ಬೋರ್ಡಿಗೆ ರಜೆ ಪಟ್ಟಿ ಬರೆಯುವಾಗ ಗಣೇಶ ಚತುರ್ಥಿ, ಕನ್ನಡ ರಾಜ್ಯೋತ್ಸವ, ರಂಜಾನ್ ಹಬ್ಬ, ಎಲ್ಲವನ್ನೂ ತುಂಬು ಹೆಸರಲ್ಲಿ ಬರೆಯುತ್ತಿದ್ದೆ. ಒಂದು ಡಿಸೆಂಬರಿನಲ್ಲಿ ಯಾರೋ ಅದೇ ಬೋರ್ಡಿನಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಹಾಕಿ ‘ಎಕ್ಸ್‌ಮಸ್’ ಎಂದು ಗೀಚಿದ್ದರು. ನಾನು ಅದನ್ನು ಒರೆಸಿ ‘ಕ್ರಿಸ್‌ಮಸ್ ಹಬ್ಬ’ ಎಂದು ದಪ್ಪಕ್ಷರದಲ್ಲಿ ಬರೆದು, ಫಿಟ್ಟರ್ ಅವರನ್ನು ಕರೆದು ತೋರಿಸಿದೆ. ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಅದನ್ನ ಬರ್ದಿದ್ದು ನಾನೇ ಮೇಡಂ,” ಎಂದರು.

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. “ನಿಮ್ಮ ಹಬ್ಬ, ನೀವೇ ಹೀಗೆ ಬರೆದರೆ ಹೇಗೆ?” ಎಂದು ಜಗಳಕ್ಕೇ ನಿಂತೆ.

“ನಮ್ಮ ಮನೇಲಿ ಕೇಕ್ ಡಬ್ಬದ ಮೇಲೂ ಹಂಗೇ ಬರೀತೀವಿ. ಅಕ್ಷರ ಕಮ್ಮಿಯಾದ್ರೆ ಯೇಸುವಿಗೆ ಬೇಜಾರಾಗಲ್ಲ ಮೇಡಂ. ಅವತ್ತು ನಾನು ಚರ್ಚಿನ ಪೂಜೆಗೆ ಹೋಗ್ದೆ ಮಲಗಿದ್ರೆ ಮಾತ್ರ ನಮ್ಮ ಮನೆಯವರಿಗೆ ಆಗತ್ತೆ,” ಎಂದು ನಕ್ಕು, ಚಹಾ ಲೋಟ ತೊಳೆದಿಟ್ಟು ಹೋದರು. ದೇವರ ವಿಷಯದಲ್ಲಿ ಇಷ್ಟು ಸಡಿಲ ಇರಬಾರದು ಎಂದು ನಾನು ಮನಸ್ಸಿನಲ್ಲೇ ಅವರಿಗೆ ಅಂಕ ಕಳೆದೆ.

ಹೀಗಿರುವಾಗ ಕಂಪ್ಯೂಟರ್ ಬಂತು. ಗೇಟಿನಲ್ಲಿ ಕಾರ್ಡ್ ಉಜ್ಜುವ ಯಂತ್ರ, ನನ್ನ ಮೇಜಿನ ಮೇಲೆ ದಪ್ಪ ಮಾನಿಟರ್. ಮಸ್ಟರ್ ಎನ್ನುವ ಹಾಜರಿ ಪುಸ್ತಕಗಳನ್ನು ಕಬ್ಬಿಣದ ಬೀರುವಿಗೆ ಸೇರಿಸಿದೆವು. ಹೊಸ ವ್ಯವಸ್ಥೆಯಲ್ಲಿ ಪ್ರತಿ ದಿನಕ್ಕೆ ಪುಟ್ಟ ಚೌಕ, ಚೌಕಕ್ಕೆ ಎರಡೇ ಅಕ್ಷರ. ಹಬ್ಬಗಳಿಗೆಲ್ಲ ಎರಡೆರಡು ಇಂಗ್ಲಿಷ್ ಅಕ್ಷರದ ಕೋಡ್ ಕೊಟ್ಟರು. ರಾಜ್ಯೋತ್ಸವ ಕೆ.ಆರ್. ಆಯಿತು, ಗಣೇಶನ ಹಬ್ಬ ಜಿ.ಸಿ. ಆಯಿತು. ಆಯುಧ ಪೂಜೆ ಎ.ಪಿ. ಆಯಿತು. ಪ್ರೆಸ್‌ಗಳಿದ್ದ ಶಾಪ್‌ನಲ್ಲಿ ಹುಡುಗರು, “ಏನ್ ಮೇಡಂ, ಆಂಧ್ರಕ್ಕೆ ಹೊರಟ್ವಾ?” ಎಂದು ರೇಗಿಸಿದರು.

ನಾನು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿ ಕೂಗಾಡಿದೆ. ಅವರು ಕೆಟ್ಟ ಮನುಷ್ಯರೇನಲ್ಲ. ಹೊಸೂರು ರಸ್ತೆಯ ಆಚೆಯ ದೊಡ್ಡ ಕಾರ್ಖಾನೆಯಿಂದ ದಿನಾ ಬಿಡಿಭಾಗ ಕೇಳಿ ಫೋನ್ ಬರುತ್ತಿತ್ತು, ಲಾರಿ ಹೊರಡುವುದು ಹತ್ತು ನಿಮಿಷ ತಡವಾದರೆ ಬೈಗುಳ ತಿನ್ನುವವರು ಅವರೇ. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಹಬ್ಬಕ್ಕೆ ಅವಮಾನ, ದೇವಿಗೆ ಅವಮಾನ, ಕಾರ್ಮಿಕರ ನಂಬಿಕೆಗೆ ಅವಮಾನ ಎಂದು ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಎರಡು ದಿನ ಬಿಟ್ಟು ಅವರೇ ಕರೆದರು.

“ಸಿಸ್ಟಮ್‌ನಲ್ಲಿ ಎರಡಕ್ಷರಕ್ಕಿಂತ ಜಾಸ್ತಿ ಹಿಡಿಯಲ್ಲಮ್ಮ. ಒಂದ್ ಕೆಲ್ಸ ಮಾಡೋಣ. ಗೇಟಲ್ಲಿ ದೊಡ್ಡ ಬ್ಯಾನರ್ ಹಾಕ್ಸೋಣ. ಪೂರ್ತಿ ಹೆಸರು, ಚಾಮುಂಡೇಶ್ವರಿ ಫೋಟೋ, ಶುಭಾಶಯ, ಎಲ್ಲ. ನೀವೇ ಬರ್ಸಿ,” ಎಂದರು.

ನಾನು ಗೆದ್ದೆ ಅಂದುಕೊಂಡೆ. ಆ ಬ್ಯಾನರಿನ ಹಿಂದೆ ಒಂದು ವಾರ ಓಡಾಡಿದೆ. ಹಳದಿ ಬಣ್ಣಕ್ಕೆ ಕೆಂಪಕ್ಷರ ಒಪ್ಪುತ್ತದೋ ಹಸಿರು ಒಪ್ಪುತ್ತದೋ ಎಂದು ಮೂರು ಮಾದರಿ ಮಾಡಿಸಿದೆ. ಅದರ ನಡುವೆಯೇ ಒಂದು ಮಧ್ಯಾಹ್ನ ಕಂಪ್ಯೂಟರಿಗೆ ಹಬ್ಬಗಳ ತಾರೀಖು ತುಂಬಿದೆ. ಎ.ಪಿ. ಎಂಬ ಕೋಡಿನ ಮುಂದೆ ತಾರೀಖು ಕೇಳಿತು, ಒಂದೇ ಒಂದು ತಾರೀಖು. ಪೂಜೆಯ ದಿನದ್ದು ಹೊಡೆದೆ. ಮುಂದಿನ ಹಬ್ಬಕ್ಕೆ ಹೋದೆ.

ಹಾಗಾಗಿ ಅದರ ಹಿಂದಿನ ದಿನ ತಾನಾಗಿಯೇ ಮಾಮೂಲಿ ಕೆಲಸದ ದಿನವಾಗಿಬಿಟ್ಟಿತು. ಕಂಪ್ಯೂಟರ್ ಆ ದಿನವನ್ನು ಪ್ರೊಡಕ್ಷನ್ ಲೆಕ್ಕಕ್ಕೆ ಕೊಟ್ಟಿತು, ಪ್ರೊಡಕ್ಷನ್‌ನವರು ಅದಕ್ಕೆ ಆರ್ಡರ್ ಹಾಕಿದರು. ಯಾರೂ ತೊಳೆಯುವ ದಿನವನ್ನು ರದ್ದು ಮಾಡಿ ಎಂದು ಹೇಳಲಿಲ್ಲ. ಅದಕ್ಕೆ ಜಾಗ ಇರಲಿಲ್ಲ, ಅಷ್ಟೆ.

ಫಿಟ್ಟರ್ ಮಾತ್ರ ನನ್ನ ಕಿಟಕಿಗೆ ಬಂದು ಕೇಳಿದರು. “ಮೇಡಂ, ನಾಳಿದ್ದು ತೊಳೆಯೋ ದಿನ ಅಲ್ವಾ? ಪ್ರೋಗ್ರಾಂ ಶೀಟಲ್ಲಿ ಹದಿನೆಂಟು ಪ್ರೆಸ್ಸೂ ಓಡ್ತಿದೆ ಅಂತ ಇದೆ.”

ನನ್ನ ಕೈಯಲ್ಲಿ ಬ್ಯಾನರಿನ ಮಾದರಿ ಹಾಳೆ ಇತ್ತು. “ಅದನ್ನ ಪ್ರೊಡಕ್ಷನ್ನವರನ್ನ ಕೇಳಿ. ನಂಗೀಗ ತಲೆ ಕೆರ್ಕೊಳ್ಳೋಕೂ ಪುರ್ಸೊತ್ತಿಲ್ಲ,” ಎಂದೆ. ಅವರು ಟೂಲ್‌ರೂಮಿಗೆ ವಾಪಸ್ ಹೋದರು. ಆ ವರ್ಷ ಪಾಳಿ ಮುಗಿಯುವ ಮುಂಚೆ ಅರ್ಧ ಗಂಟೆ ಮೆಷಿನ್‌ಗಳ ಮೈ ಒರೆಸಿ ಹಾರ ಹಾಕಿದರು. ಬ್ಯಾನರ್ ತುಂಬಾ ಚೆನ್ನಾಗಿ ಬಂದಿತ್ತು. ಎಲ್ಲರೂ ಹೊಗಳಿದರು, ನಾನೂ ಬೀಗಿದೆ. ಮರುವರ್ಷವೂ ಅದೇ ಬ್ಯಾನರ್, ಅದೇ ಅರ್ಧ ಗಂಟೆ.

ಅದರ ಮುಂದಿನ ಆಷಾಢದಲ್ಲಿ, ಬೆಳಗಿನ ಚಹಾ ಮುಗಿದ ಮೇಲೆ, ನಾಲ್ಕನೇ ನಂಬರ್ ಪ್ರೆಸ್ ‘ಡಬಲ್’ ಬಿತ್ತು. ಪೆಡಲ್ ಒಂದು ಸಲ ಒತ್ತಿದರೆ ಅದು ಒಂದೇ ಸಲ ಇಳಿದು ಮೇಲೆ ಹೋಗಿ ನಿಲ್ಲಬೇಕು. ನಿಲ್ಲದೆ ತಾನಾಗಿ ಇನ್ನೊಂದು ಸಲ ಇಳಿದರೆ ಅದಕ್ಕೆ ಡಬಲ್ ಅನ್ನುತ್ತಾರೆ. ಕತ್ತರಿಸಿದ ಬಿಲ್ಲೆಯನ್ನು ತೆಗೆಯಲು ಆಗಷ್ಟೇ ಕೈ ಚಾಚಿದ ಹೆಂಗಸಿನ ಬಲಗೈ ತೋರುಬೆರಳಿನ ಮೊದಲ ಗೆಣ್ಣು ಹೋಯಿತು.

ಅವಳು ಕೊಪ್ಪಳದ ಕಡೆಯವಳು. ಹೆಗ್ಗನಹಳ್ಳಿಯಲ್ಲಿ ಒಂದು ರೂಮು ಬಾಡಿಗೆ ಹಿಡಿದು, ಗಾರೆ ಕೆಲಸ ಮಾಡುವ ಗಂಡನ ಜೊತೆ ಇದ್ದಳು. ಆರು ವರ್ಷದಿಂದ ನಮ್ಮಲ್ಲಿ ಪ್ರೆಸ್ ನಡೆಸುತ್ತಿದ್ದಳು, ಗಂಡಸರಿಗಿಂತ ಚುರುಕು. ದಿನಾ ಬೆಳಿಗ್ಗೆ ಕಾರ್ಡ್ ಉಜ್ಜಿ ನನ್ನ ಕಿಟಕಿಯಲ್ಲಿ ಇಣುಕಿ, “ನಾಷ್ಟಾ ಆತೇನ್ರಿ ಅಕ್ಕಾರ?” ಎಂದು ಕೇಳದೆ ಒಳಗೆ ಹೋಗುತ್ತಿರಲಿಲ್ಲ. ಅವತ್ತು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗಲೂ ಅದೇ ಕಿಟಕಿಯ ಮುಂದೆ ಹಾದುಹೋದರು. ಅವಳು ಅಳುತ್ತಿರಲಿಲ್ಲ. ಸೆರಗಿನಲ್ಲಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅಪಘಾತದ ವರದಿಯಲ್ಲಿ ಕಾರಣ ಎಂಬ ಕಡೆ ಮ್ಯಾನೇಜರ್ ತಾವೇ ‘ಆಪರೇಟರಿನ ಅಜಾಗರೂಕತೆ’ ಎಂದು ತುಂಬಿದರು.

ಸಂಜೆ ಫಿಟ್ಟರ್ ನಾಲ್ಕನೇ ನಂಬರನ್ನು ಬಿಚ್ಚಿದರು. ನಾನೂ ಹೋಗಿ ನಿಂತೆ. ಒಳಗೆ ಗ್ರೀಸು ಒಣಗಿ ಹಳೆ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಅದರ ನಡುವೆ ಬೆರಳುದ್ದದ ಸ್ಪ್ರಿಂಗ್ ಎರಡು ತುಂಡಾಗಿ ಬಿದ್ದಿತ್ತು. ಭಾರವನ್ನು ಮೇಲೆ ತಡೆದು ನಿಲ್ಲಿಸುವುದು ಅದೇ ಸ್ಪ್ರಿಂಗಿನ ಕೆಲಸವಂತೆ. ಅವರು ತುಂಡನ್ನು ಒರೆಸಿ ನನ್ನ ಕಡೆ ಹಿಡಿದರು. ಮುರಿದ ಜಾಗದ ಅರ್ಧ ಭಾಗ ಕಪ್ಪಗಿತ್ತು, ಅರ್ಧ ಹೊಳೆಯುತ್ತಿತ್ತು.

“ಕಪ್ಪಗಿರೋ ಕಡೆ ಯಾವಾಗ್ಲೋ ಬಿರುಕು ಬಿಟ್ಟಿದೆ. ಹೊಳೀತಿರೋದು ಇವತ್ತು ಮುರಿದಿದ್ದು. ಬಿಚ್ಚಿದ್ರೆ ಕಾಣ್ತಿತ್ತು ಮೇಡಂ,” ಎಂದರು. ನನ್ನನ್ನು ಬೈಯುವ ಧ್ವನಿ ಅದಾಗಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೀರು ತೆಗೆದು ಹಳೆಯ ಮಸ್ಟರುಗಳನ್ನು ಹೊರಹಾಕಿದೆ. ಒಂದೊಂದು ವರ್ಷದ ಪುಸ್ತಕದಲ್ಲೂ ಆ ತಿಂಗಳ ಪುಟ ತಿರುವಿದೆ. ನನ್ನದೇ ಕೈಬರಹ, ‘ಆಯುಧ’ ಒಂದು ಕಾಲಂ, ‘ಪೂಜೆ’ ಒಂದು ಕಾಲಂ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿದೆ. ಒಂದೇ ಚೌಕ. ಅದರ ಹಿಂದಿನ ದಿನ ನೂರಿಪ್ಪತ್ತು ಜನರ ಮುಂದೆಯೂ ಪಿ, ಪಿ, ಪಿ. ಪ್ರೆಸೆಂಟ್. ನಾನು ಅಕ್ಷರ ಕಡಿಮೆಯಾಯಿತು ಎಂದು ಹೊಡೆದಾಡಿದ್ದೆ, ಎರಡು ವರ್ಷ ದಿನವೇ ಕಡಿಮೆಯಾದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕೇಳಲು ಬಂದವರನ್ನು ಕಿಟಕಿಯಿಂದ ವಾಪಸ್ ಕಳಿಸಿದ್ದೆ. ತುಂಬಾ ನಾಚಿಕೆಯಾಯಿತು. ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ವಾಪಸ್ ಬಂದಳು. ಬೆರಳಿನ ತುದಿ ಗುಂಡಗೆ ಕೆಂಪಾಗಿತ್ತು. ಪ್ಯಾಕಿಂಗಿನಲ್ಲಿ ಕೂರಿಸಿದರು. ಹಬ್ಬ ಕಳೆದ ಮೇಲೆ ಏಳನೇ ನಂಬರ್ ಪ್ರೆಸ್ಸಿಗೆ ಹೋಗಬೇಕು, ಇಲ್ಲವಾದರೆ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ನಾಲ್ಕನೆಯದಕ್ಕೆ ಹೊಸ ಸ್ಪ್ರಿಂಗ್ ಬಿದ್ದಿತ್ತು. ಮಿಕ್ಕ ಹದಿನೇಳನ್ನು ಯಾರೂ ಬಿಚ್ಚಿರಲಿಲ್ಲ.

ಅವಳು ನನ್ನ ಕಿಟಕಿಗೆ ಬಂದಳು. “ಅಕ್ಕಾರ, ನಂಗ ಪ್ರೆಸ್ ಅಂದ್ರ ಅಂಜಿಕಿ ಇಲ್ರಿ. ಕೆಲಸ ಬಿಡಂಗೂ ಇಲ್ಲ. ಆದ್ರ ಏಳನೇದನ್ನ ಬಿಚ್ಚಿ ನೋಡೂಮಟ ನಾ ಪೆಡಲ್ ಮ್ಯಾಲ ಕಾಲಿಡಾಕಿ ಅಲ್ಲ. ಹೊರಗ ಹಾಕಿದ್ರ ಹಾಕ್ಲಿ,” ಎಂದಳು. ಹೇಳಿದ ರೀತಿಯಲ್ಲಿ ಬೇಡಿಕೆ ಇರಲಿಲ್ಲ, ನಿರ್ಧಾರ ಇತ್ತು. ಆ ಬೆರಳನ್ನು ಕಿಟಕಿಯ ಸರಳಿನ ಮೇಲೆ ಇಟ್ಟಿದ್ದಳು. ನಾನು ಅದನ್ನು ನೋಡುತ್ತಾ, ಏನಾದರೂ ಮಾಡುತ್ತೇನೆ ಎಂದು ಹೇಳಲಿಲ್ಲ. ತೊಳೆಯುವ ದಿನ ವಾಪಸ್ ಬರುತ್ತದೆ ಎಂದೆ.

ಮ್ಯಾನೇಜರ್ ಹತ್ತಿರ ಹೋದೆ. ಎ.ಪಿ. ಕೋಡನ್ನು ಎರಡು ದಿನಕ್ಕೆ ಹಾಕಿಕೊಡಿ ಎಂದು ಕೇಳಿದೆ.

“ಒಂದು ಕೋಡಿಗೆ ಒಂದೇ ದಿನ ಕಣಮ್ಮ. ಎರಡು ಕೊಟ್ರೆ ಸಿಸ್ಟಮ್ ತಗೊಳಲ್ಲ. ಅದೂ ಅಲ್ದೆ ಆ ದಿನಕ್ಕೆ ಆರ್ಡರಿನ ಲೋಡ್ ಆಗ್ಲೇ ಒಪ್ಕೊಂಡಾಗಿದೆ.”

“ಹಾಗಿದ್ರೆ ಕೋಡ್ ಬೇಡ ಸಾರ್. ಆ ದಿನ ಪ್ರೆಸ್ ನಿಲ್ಸಿ, ಸಾಕು.”

ಅವರಿಗೆ ಸಿಟ್ಟು ಬಂತು. “ನೋಡಿ, ಹೆಸರು ಮೊಟಕಾಯ್ತು ಅಂದ್ರಿ, ಪೂರ್ತಿ ಹೆಸರು ಹಾಕಿ ಬ್ಯಾನರ್ ಮಾಡ್ಸಿದೆ. ದೇವಿಗೆ ಅವಮಾನ ಅಂದ್ರಿ, ಫೋಟೋ ಹಾಕ್ಸಿದೆ. ಈಗ ಇನ್ನೊಂದು ಶುರು ಮಾಡಿದೀರ.”

“ಆ ಬ್ಯಾನರ್ ತೆಗೆಸಿಬಿಡಿ ಸಾರ್,” ಎಂದೆ. “ಎ.ಪಿ. ಅಂತಲೇ ಬರೀರಿ, ಗೋಡೆ ಮೇಲೆ ಬೇಕಾದ್ರೂ ಬರೀರಿ. ನಾನು ತಪ್ಪು ಕೇಳಿದ್ದೆ. ನನಗೆ ಆ ದಿನ ಬೇಕು.”

ಮೂರು ವಾರದಲ್ಲಿ ನಾಲ್ಕು ಸಲ ಹೋದೆ. ಒಂದು ಸಲ ಮುರಿದ ಸ್ಪ್ರಿಂಗನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಅದನ್ನು ನೋಡಿ ಅವರು ಮುಖ ಬೇರೆ ಕಡೆ ತಿರುಗಿಸಿದರು, ನೋಡೋಣ ಅಂದರು. ‘ನೋಡೋಣ’ ಎಂಬ ಮಾತಿನ ಬೆಲೆ ಹದಿನಾಲ್ಕು ವರ್ಷ ಟೈಮ್ ಆಫೀಸಿನಲ್ಲಿ ಕೂತ ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕನೇ ಸಲ ಅವರ ಕೋಣೆಯಿಂದ ಹೊರಗೆ ಬಂದವಳೇ ಫಿಟ್ಟರ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ. “ಒಂದು ಸಲ ಹದಿನೆಂಟನ್ನೂ ಬಿಚ್ಚಿದ್ರೆ ವಾಪಸ್ ಜೋಡ್ಸೋಕೆ ಎಷ್ಟು ಹೊತ್ತು ಬೇಕು?”

“ಸಂಜೆ ಆಗ್ಲೇಬೇಕು ಮೇಡಂ,” ಎಂದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಸೀಮೆಎಣ್ಣೆ ಡಬ್ಬ ಎಷ್ಟಿದೆ ಎಂದು ಎಣಿಸಲು ಹೋದರು.

ನಮ್ಮಲ್ಲಿ ಒಂದು ಕ್ರಮವಿತ್ತು. ದಿನಾ ಬೆಳಿಗ್ಗೆ ಯಾವ ಪ್ರೆಸ್ಸಿನಲ್ಲಿ ಯಾರು ಕೂರಬೇಕು, ಏನು ಕೆಲಸ ಎಂದು ಒಂದೊಂದು ಚೀಟಿ ಟೈಮ್ ಆಫೀಸಿನಿಂದ ಹೋಗಬೇಕು. ಚೀಟಿ ಇಲ್ಲದೆ ಸೂಪರ್‌ವೈಸರ್ ಮೆಷಿನ್ ಶುರು ಮಾಡುವಂತಿಲ್ಲ. ಈ ನಿಯಮ ಮಾಡಿದವರೂ ಮ್ಯಾನೇಜರೇ. ಪ್ರೋಗ್ರಾಂ ಶೀಟ್ ನೋಡಿಕೊಂಡು ನಾನು ಅದನ್ನು ಬರೆಯುತ್ತಿದ್ದೆ, ಸಹಿ ನನ್ನದೇ.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೋದೆ. ಹದಿನೆಂಟು ಚೀಟಿ ಬರೆದೆ. ಪ್ರೆಸ್ ನಂಬರ್ ಬರೆದೆ, ಆಪರೇಟರ್ ಹೆಸರು ಬರೆದೆ. ಏಳನೆಯದಕ್ಕೆ ಪ್ಯಾಕಿಂಗಿನಲ್ಲಿದ್ದ ಅವಳ ಹೆಸರನ್ನೇ ಹಾಕಿದೆ. ಕೆಲಸ ಎಂಬ ಕಡೆ ಹದಿನೆಂಟರಲ್ಲೂ ಒಂದೇ ಸಾಲು: ಆಯುಧ ಪೂಜೆ, ಬಿಚ್ಚಿ ತೊಳೆಯುವುದು. ಈ ಕೆಲಸ ಹೋದರೆ ಮನೆಯಲ್ಲಿ ಏನು ಹೇಳಬೇಕು ಎಂದು ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ.

ಚೀಟಿ ಓದಿದ ಸೂಪರ್‌ವೈಸರುಗಳಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವನು ನನ್ನ ಕಿಟಕಿಗೆ ಬಂದು, “ಸಹಿ ನಿಮ್ದೇ ತಾನೆ ಮೇಡಂ?” ಎಂದು ಕೇಳಿದ. ನನ್ನದೇ ಎಂದೆ. “ಸರಿ ಬಿಡಿ,” ಎಂದು ಹೋಗಿ ಮೇನ್ ಸ್ವಿಚ್ ಇಳಿಸಿದ.

ಮ್ಯಾನೇಜರ್ ಬಂದದ್ದು ಒಂಬತ್ತೂವರೆಗೆ. ಗೇಟಿನಲ್ಲೇ ಅವರಿಗೆ ಗೊತ್ತಾಗಿರಬೇಕು, ಸದ್ದೇ ಇರಲಿಲ್ಲವಲ್ಲ. ಶಾಪ್ ಒಳಗೆ ಹೋದರೆ ಹದಿನೆಂಟು ಪ್ರೆಸ್ಸುಗಳ ಹೊಟ್ಟೆ ತೆರೆದಿತ್ತು, ಬೆಲ್ಟುಗಳು ನೆಲದ ಮೇಲಿದ್ದವು, ನೆಲದ ತುಂಬಾ ತಟ್ಟೆಗಳು, ಪ್ರತಿ ತಟ್ಟೆಯಲ್ಲೂ ಸೀಮೆಎಣ್ಣೆಯಲ್ಲಿ ಮುಳುಗಿದ ಬೋಲ್ಟು ನಟ್ಟು. ಅವರು ಬಾಗಿಲಲ್ಲೇ ನಿಂತರು. ಆಮೇಲೆ ನನ್ನನ್ನು ಕರೆಸಿದರು.

“ಯಾರ ಆರ್ಡರ್ ಇದು?”

“ಚೀಟಿ ನಾನು ಬರೆದಿದ್ದು ಸಾರ್. ಬೇರೆ ಯಾರ ತಪ್ಪೂ ಇಲ್ಲ.”

“ಸಂಜೆ ಲಾರಿಗೆ ಏನ್ ತುಂಬ್ಲಿ ನಾನು? ನಿಮ್ಮ ಚೀಟಿ ತುಂಬ್ಲಾ?”

ಮೆಮೊ ಕೊಡಿ, ತಗೊಳ್ತೀನಿ, ಆದರೆ ಈಗ ಜೋಡಿಸಿ ಅಂದರೂ ಸಂಜೆಯಾಗುತ್ತದೆ ಎಂದೆ. ಅವರು ಫಿಟ್ಟರ್ ಕಡೆ ತಿರುಗಿದರು. ಫಿಟ್ಟರ್ ತಲೆ ಎತ್ತದೆ, “ಹೌದು ಸಾರ್, ಸಂಜೆ ಆಗತ್ತೆ. ಜೋಡ್ಸೋದಾದ್ರೆ ತೊಳ್ದೇ ಜೋಡ್ಸೋಣ,” ಎಂದರು. ಹತ್ತಿರದಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋದರು. ಲಾರಿ ಪೂಜೆ ಮುಗಿದ ಮೇಲೆ ಬರಲಿ ಎಂದು ಯಾರ ಹತ್ತಿರವೋ ಬೇಡಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ಆಗ ಅವರ ಮೇಲೂ ಅಯ್ಯೋ ಅನ್ನಿಸಿತು. ಆದರೂ ಚೀಟಿ ವಾಪಸ್ ತಗೊಳ್ಳಬೇಕು ಅನ್ನಿಸಲಿಲ್ಲ.

ಏಳನೇ ನಂಬರಿನ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತು, ಮನೆಯಿಂದ ತಂದ ಬ್ರಷ್ಷಿನಲ್ಲಿ ಒಂದೊಂದೇ ಭಾಗ ಉಜ್ಜುತ್ತಿದ್ದಳು. ಗಿಡ್ಡವಾದ ಬೆರಳಿಗೆ ಬ್ರಷ್ಷು ಸರಿಯಾಗಿ ಸಿಗುತ್ತಿರಲಿಲ್ಲ, ಜಾರುತ್ತಿತ್ತು. ಮಧ್ಯದ ಬೆರಳಿಗೆ ಬದಲಾಯಿಸಿಕೊಂಡಳು. ಸ್ಪ್ರಿಂಗ್ ತೊಳೆದ ಮೇಲೆ ಫಿಟ್ಟರ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಉಗುರಲ್ಲಿ ಮೀಟಿದರು, ಕಿವಿಗೆ ತಂದರು. ಮ್ಯಾನೇಜರೂ ಬಂದು ನಿಂತಿದ್ದರು. ನಾವೆಲ್ಲ ಕಾಯುತ್ತಿದ್ದೆವು. ನನ್ನೊಳಗೆ ಒಂದು ಕೆಟ್ಟ ಆಸೆ ಇತ್ತು, ಬಿರುಕು ಸಿಗಲಿ, ನಾನು ಹೇಳಿದ್ದೇ ಸರಿಯಾಗಲಿ ಎಂದು.

“ಚೆನ್ನಾಗಿದೆ. ಏನೂ ಆಗಿಲ್ಲ,” ಎಂದರು ಫಿಟ್ಟರ್.

ಮ್ಯಾನೇಜರ್ ನನ್ನ ಕಡೆ ತಿರುಗಿ, “ನೋಡಿದ್ರಾ? ಒಂದು ದಿನ ಹೋಯ್ತು, ಏನೂ ಸಿಗ್ಲಿಲ್ಲ,” ಎಂದರು. ಉತ್ತರ ಕೊಟ್ಟವಳು ಅವಳು, ಕೂತಲ್ಲಿಂದಲೇ, ಬ್ರಷ್ಷು ನಿಲ್ಲಿಸದೆ. “ಏನೂ ಆಗಿಲ್ಲ ಅಂತ ಈಗ ಗೊತ್ತಾತಲ್ರಿ ಸಾಹೇಬ್ರ. ನಂಗ ಬೇಕಾಗಿದ್ದು ಅಷ್ಟ.” ಅವರು ಅವಳ ಕೈಯನ್ನು ನೋಡಿದರು. ಆಮೇಲೆ ತಮ್ಮ ಕೋಣೆಗೆ ಹೋದರು.

ಮಿಕ್ಕವುಗಳಲ್ಲಿ ಎರಡರ ಸ್ಪ್ರಿಂಗನ್ನು ಫಿಟ್ಟರ್ ಅನುಮಾನ ಬಂದು ಬಿಸಾಕಿದರು. ಅವು ಮುರಿಯುತ್ತಿದ್ದವೋ ಇಲ್ಲವೋ ಹೇಳಲಾಗುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಏಳನೇ ನಂಬರ್ ಜೋಡಣೆ ಮುಗಿಯಿತು. ಸ್ವಿಚ್ ಹಾಕಿ ಫಿಟ್ಟರ್ ಅವಳನ್ನು ಕರೆದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಕಾಲು ಪೆಡಲಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಒತ್ತಿದಳು. ಭಾರ ಒಂದು ಸಲ ಇಳಿಯಿತು, ಮೇಲೆ ಹೋಯಿತು, ನಿಂತಿತು. ಅವಳು ಕೈ ಮಡಿಲಲ್ಲಿಟ್ಟುಕೊಂಡು ಡಬಲ್ ಬರುತ್ತದೋ ಎಂದು ಕಾದಳು. ಬರಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಕಾದಳು. ಹತ್ತು ಸಲ ಹಾಗೆ ಮಾಡಿದಳು. ಹನ್ನೊಂದನೇ ಸಲ ಭಾರ ಮೇಲೆ ಹೋದ ಕೂಡಲೇ ಕೈ ಚಾಚಿ ಅಚ್ಚಿನ ನಡುವೆ ಇಟ್ಟು, ತೆಗೆದಳು. ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು, ಆಷಾಢದಿಂದ ಈಚೆಗೆ ಮೊದಲ ಸಲ.

ಮರುದಿನವೇ ಮೆಮೊ ಬಂತು. ಇಬ್ಬರು ಸಾಕ್ಷಿಗಳ ಮುಂದೆ ತಗೊಂಡು ಸಹಿ ಹಾಕಿದೆ. ವಿವರಣೆ ಕೇಳಿದ್ದರು. ಹಳೆ ಮಸ್ಟರಿನ ಪುಟಗಳ ಜೆರಾಕ್ಸ್ ಮಾಡಿಸಿ, ಎರಡು ಕಾಲಮ್ಮಿಗೆ ಕೆಂಪು ಗೆರೆ ಎಳೆದು, ಮುಂದಿನ ವರ್ಷವೂ ಚೀಟಿ ಹೀಗೇ ಬರೆಯುತ್ತೇನೆ ಎಂದು ಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ವರ್ಷದ ಪ್ರೋಗ್ರಾಂ ಶೀಟಿನಲ್ಲಿ ಆ ದಿನದ ಲೋಡ್ ಖಾಲಿ ಬಿಟ್ಟಿದ್ದರು.

ಆದರೆ ನಾನು ಹೇಳಬೇಕಾದದ್ದು ಮೆಮೊದ ಹಿಂದಿನ ದಿನದ ಸಂಜೆಯದು, ಹದಿನೆಂಟೂ ಪ್ರೆಸ್ ಜೋಡಿಸಿ ಮುಗಿದ ಮೇಲಿನದು. ಎಲ್ಲರೂ ಕೈ ತೊಳೆಯಲು ಹೋದಾಗ ನಾನು ಬೀರುವಿನಿಂದ ಮಸ್ಟರ್ ತೆಗೆದು, ಕೊನೆಗೆ ಉಳಿದಿದ್ದ ಖಾಲಿ ಹಾಳೆಗೆ ಗೆರೆ ಎಳೆದು ಕೂತಿದ್ದೆ. ಕಂಪ್ಯೂಟರ್ ತನ್ನ ಪಾಡಿಗೆ ಏನಾದರೂ ತೋರಿಸಲಿ, ನನಗೆ ಒಂದು ಪುಟ ಬೇಕಿತ್ತು. ಅವಳು ಕಿಟಕಿಗೆ ಬಂದಳು, ಮೈಯೆಲ್ಲ ಸೀಮೆಎಣ್ಣೆ ವಾಸನೆ. ನಾನು ಏನು ಬರೆಯುತ್ತಿದ್ದೇನೆ ಎಂದು ಕೇಳಿದಳು. ಹಬ್ಬದ ಹೆಸರು ಎಂದೆ. ಮೊದಲ ಕಾಲಂ ಇವತ್ತಿನದು, ಎರಡನೆಯದು ನಾಳಿನದು ಎಂದು ತೋರಿಸಿದೆ. ಅಷ್ಟು ಉದ್ದ ಬರೆಯಲು ಕೈ ನೋಯುವುದಿಲ್ಲವೇ ಎಂದಳು. ಪೂರ್ತಿ ಬರೆಯದಿದ್ದರೆ ದೇವರಿಗೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ ಎಂದು ನನ್ನ ಹಳೆಯ ಮಾತು ಬಾಯಿಗೆ ಬಂದೇ ಬಂತು.

ಅವಳು ಸರಳಿನ ಸಂದಿಯಲ್ಲಿ ಕೈ ತೂರಿಸಿ, ಆ ಗಿಡ್ಡ ಬೆರಳನ್ನು ಪುಟದ ಮೇಲಿಟ್ಟಳು. ಮೊದಲ ಕಾಲಮ್ಮಿನಲ್ಲಿ ಒಂದು ಎಣ್ಣೆ ಗುರುತು ಬಿತ್ತು.

“ನಾಳಿಂದು ಸಣ್ಣದಾಗಿ ಬರದ್ರೂ ದೇವಿ ಏನೂ ಅನ್ನಂಗಿಲ್ರಿ ಅಕ್ಕಾರ,” ಎಂದಳು. “ಇವತ್ತಿಂದು ಮಾತ್ರ ಪೂರ್ತಿ ಬರೀರಿ.”

ಅವಳು ಮನೆಗೆ ಹೊರಟ ಮೇಲೆ ನಾನು ಬರೆದೆ. ಆ ಎಣ್ಣೆ ಗುರುತಿನ ಮೇಲೆ ಶಾಯಿ ಸರಿಯಾಗಿ ಹಿಡಿಯಲಿಲ್ಲ, ಎರಡೆರಡು ಸಲ ತೀಡಿದೆ. ಮೊದಲ ಕಾಲಮ್ಮಿನಲ್ಲಿ ಪುಟದ ತಲೆಯಿಂದ ಬುಡದವರೆಗೆ ‘ಆಯುಧ’ ಇಳಿಸಿದೆ. ಪಕ್ಕದ ಕಾಲಮ್ಮಿನಲ್ಲಿ ‘ಪೂ’ ಎಂದು ಬರೆದು, ಒಂದು ಚುಕ್ಕೆ ಇಟ್ಟು, ಪುಸ್ತಕ ಮುಚ್ಚಿದೆ.